ಎರಡು ಚಿತ್ರಗಳ ನಡುವಿನ ಮಗು

ಗುಲ್ಜಾರ್ ನಿರ್ದೇಶಿಸಿದ 'ಕೋಶಿಶ್' (1972) ಚಿತ್ರದಲ್ಲಿ ಸಂಜೀವ್ ಕುಮಾರ್ ಮತ್ತು ಜಯಾ ಭಾದುರಿ ಕಿವಿ ಕೇಳದ, ಮಾತು ಬಾರದ ದಂಪತಿಗಳು. ತಮ್ಮ ಕೂಸಿಗಾದರೂ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಗಿಲಕಿ ಆಡಿಸುತ್ತಾರೆ. ಕೂಸು ತಿರುಗಿ ನೋಡುವುದಿಲ್ಲ. ಗಾಬರಿಯಿಂದ ವೈದ್ಯರಲ್ಲಿಗೆ ಓಡುತ್ತಾರೆ. ದೋಷ ಕೂಸಿನದಲ್ಲ, ಗಿಲಕಿಯೇ ಸದ್ದು ಮಾಡುತ್ತಿರಲಿಲ್ಲ! ಪ್ರೇಕ್ಷಕರು ನಿಟ್ಟುಸಿರು ಬಿಡುತ್ತಾರೆ, ಕಥೆ ಮುಂದೆ ಸಾಗುತ್ತದೆ. ನಮಗಾದರೋ ಇಡೀ ಚಿತ್ರದಲ್ಲಿ ಅತ್ಯಂತ ಅರ್ಥಗರ್ಭಿತವಾದ ಸನ್ನಿವೇಶ ಇದೇ. ಪರೀಕ್ಷೆಯಲ್ಲೇ ಕೊರತೆಯಿದ್ದರೆ ತೀರ್ಪು ಮಗುವಿನ ತಲೆಗೆ ಬೀಳುತ್ತದೆ.

ಇದೇ ಮಾತನ್ನು 'ತಾರೇ ಜಮೀನ್ ಪರ್' (2007) ಶಾಲೆಯ ಅಂಗಳಕ್ಕೆ ತಂದಿತು. ದಡ್ಡನೆನಿಸಿಕೊಂಡ ಇಶಾನನ ನೋಟುಪುಸ್ತಕಗಳಲ್ಲಿ ಒಂದೇ ಬಗೆಯ ತಪ್ಪುಗಳು ಮರುಕಳಿಸುವುದನ್ನು ಚಿತ್ರಕಲೆಯ ಮಾಸ್ತರರು ಗುರುತಿಸುತ್ತಾರೆ. ತಂದೆಯ ಕೈಗೆ ಗೊತ್ತಿಲ್ಲದ ಲಿಪಿಯ ಡಬ್ಬಿಯೊಂದನ್ನಿತ್ತು 'ಓದಿ' ಎನ್ನುವ ದೃಶ್ಯವಂತೂ ಉಪನ್ಯಾಸಕ್ಕಿಂತ ಮಿಗಿಲು. ಡಿಸ್‌ಲೆಕ್ಸಿಯಾ ಎಂಬ ಶಬ್ದವನ್ನು ನಮ್ಮಂಥ ಮನೆಗಳಿಗೆ ತಂದ ಪುಣ್ಯ ಈ ಚಿತ್ರದ್ದು.

ಆದರೆ ಈ ಎರಡು ಚಿತ್ರಗಳ ನಡುವೆ ಇನ್ನೊಂದು ಮಗು ಉಳಿದುಹೋಗಿದೆ ಎಂಬುದು ನಮ್ಮ ಆಕ್ಷೇಪಣೆ. ಅದು ಪೂರ್ಣ ಕಿವುಡಲ್ಲ, ಬುದ್ಧಿಗೂ ಕೊರತೆಯಿಲ್ಲ. ನೆಗಡಿಯ ನಂತರ ನಡುಗಿವಿಯಲ್ಲಿ ದ್ರವ ನಿಂತು, 20-30 ಡೆಸಿಬಲ್‌ನಷ್ಟು ಶ್ರವಣ ಕುಗ್ಗಿರಬಹುದು. ಸ್ವರಗಳು ಕೇಳುತ್ತವೆ, ಸ, ಫ, ತ ಮುಂತಾದ ಮೆಲುದನಿಯ ವ್ಯಂಜನಗಳು ಜಾರಿಹೋಗುತ್ತವೆ. ಹೆಸರು ಹಿಡಿದು ಕರೆದರೆ ತಿರುಗುತ್ತದೆ, ಆದ್ದರಿಂದ ಮನೆಯವರಿಗೆ ಸಂಶಯವಿಲ್ಲ. ತರಗತಿಯ ಗದ್ದಲದಲ್ಲಿ, ಹಿಂದಿನ ಬೆಂಚಿನಲ್ಲಿ, ಬೋರ್ಡಿನತ್ತ ಮುಖಮಾಡಿ ಮಾತಾಡುವ ಗುರುಗಳ ಪಾಠ ಅರ್ಧವೇ ತಲುಪುತ್ತದೆ. ಉಕ್ತಲೇಖನ ತಪ್ಪಾಗುತ್ತದೆ. ಈ ಮಗುವಿನ ಪಾಲಿಗೆ ಉಕ್ತಲೇಖನವೇ ಸದ್ದಿಲ್ಲದ ಗಿಲಕಿ.

ನಮ್ಮ ಭಾಷೆಯೂ ಇಲ್ಲಿ ಸಹಾಯ ಮಾಡುವುದಿಲ್ಲ. ಕನ್ನಡದಲ್ಲಿ 'ಕೇಳು' ಎಂದರೆ ಆಲಿಸುವುದೂ ಹೌದು, ವಿಧೇಯವಾಗುವುದೂ ಹೌದು. 'ಹೇಳಿದ ಮಾತು ಕೇಳುವುದಿಲ್ಲ' ಎಂದಾಗ ನಾವು ಕಿವಿಯನ್ನಲ್ಲ, ಸ್ವಭಾವವನ್ನು ಬೈಯುತ್ತೇವೆ. ಕೋಣನ ಮುಂದೆ ಕಿನ್ನರಿ ಎಂದು ಮುಗಿಸುತ್ತೇವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ನಮ್ಮ ಮಕ್ಕಳ ವಿಷಯದಲ್ಲಿ 'ಭಾಷೆಯ ತೊಡಕು' ಎಂಬ ಸಮಜಾಯಿಷಿಯೂ ಸಿದ್ಧವಾಗಿರುತ್ತದೆ.

ಕಾಗದಪತ್ರಗಳ ಲೋಕದಲ್ಲೂ ಈ ಮಗುವಿಗೆ ಸ್ಥಾನವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಶ್ರವಣದೋಷವನ್ನು ಲೆಕ್ಕಿಸುವುದು ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟದಿಂದ ಮೇಲಕ್ಕೆ. 30 ಡೆಸಿಬಲ್‌ನ ಮಗು ಕಾನೂನಿಗೆ ಸರಿಯಾಗಿ ಕೇಳುವ ಮಗು, ಶಾಲೆಗೆ ದಡ್ಡ ಮಗು.

ಇಂಥ ಕಥೆಗೆ ಸಿನಿಮಾದಷ್ಟು ಯೋಗ್ಯ ಮಾಧ್ಯಮ ಬೇರೆಯಿಲ್ಲ. ನಾಲ್ಕು ನಿಮಿಷ ವ್ಯಂಜನಗಳನ್ನು ತಗ್ಗಿಸಿ ಒಂದು ಪಾಠ ಕೇಳಿಸಿದರೆ ಸಾಕು, ಪ್ರೇಕ್ಷಕರೇ ನಪಾಸಾಗುತ್ತಾರೆ. ಆ ಚಿತ್ರ ಬರುವವರೆಗೆ ಕಾಯಬೇಕಾಗಿಲ್ಲ. ಡಿಸ್‌ಲೆಕ್ಸಿಯಾ ಎಂದು ನಿರ್ಧರಿಸುವ ಮುನ್ನ ಆಡಿಯೋಮೀಟರಿನ ಪರೀಕ್ಷೆಯೊಂದು ನಡೆಯಲಿ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಮುಂಬಯಿಯ ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ಸಂಸ್ಥೆಯಿದೆ. ಕಿವಿ ಸರಿಯಿದೆಯೆಂದಾದರೆ ಬೇರೆ ಕಾರಣ ಹುಡುಕೋಣ. ಎರಡೂ ತೊಂದರೆಗಳು ಒಂದೇ ಮಗುವಿನಲ್ಲಿ ಇರಲೂಬಹುದು. ಆದರೆ ಮೊದಲು ಕಿವಿ, ಆಮೇಲೆ ಬುದ್ಧಿ.