ಬಿಟ್ಟ ಗುಂಡಿಗಳ ಲೆಕ್ಕ

ಮನೆಯಲ್ಲೇ ಆರ್ಕೇಡ್ ಕ್ಯಾಬಿನೆಟ್ ಕಟ್ಟುವ ಹವ್ಯಾಸಿಗಳ ಮೊದಲ ಕ್ಯಾಬಿನೆಟ್ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಅಗಲವಾದ ಹಲಗೆ, ಅದರ ಮೇಲೆ ನಾಲ್ವರಿಗೆ ನಾಲ್ಕು ಜಾಯ್‌ಸ್ಟಿಕ್, ನಡುವೆ ಟ್ರ್ಯಾಕ್‌ಬಾಲ್, ಪಕ್ಕದಲ್ಲೊಂದು ಸ್ಪಿನ್ನರ್, ಉಳಿದಲ್ಲೆಲ್ಲ ಗುಂಡಿಗಳು. ಸಿಕ್ಕ ಅಂಗಗಳನ್ನೆಲ್ಲ ಹೊಲಿದು ನಿಲ್ಲಿಸಿದ ಈ ಹಲಗೆಗೆ ಅಮೆರಿಕದ ಹವ್ಯಾಸಿಗಳು ‘ಫ್ರಾಂಕನ್‌ಪ್ಯಾನೆಲ್’ ಎಂದು ಹೆಸರಿಟ್ಟಿದ್ದಾರೆ. ಈ ಅತಿಯಾಸೆಗೆ ಕಾರಣವಿದೆ. 1997ರ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಬಿಡುಗಡೆ ಮಾಡಿದ ‘ಮೇಮ್’ ತಂತ್ರಾಂಶ ಹಳೆಯ ಆರ್ಕೇಡ್ ಯಂತ್ರಗಳನ್ನು ಸಾಮಾನ್ಯ ಕಂಪ್ಯೂಟರಿನೊಳಗೆ ಮತ್ತೆ ಬದುಕಿಸಿತು. ವರ್ಷಗಳು ಕಳೆದಂತೆ ಅದರ ಆಟಗಳ ಪಟ್ಟಿ ಸಾವಿರಗಳನ್ನು ದಾಟಿತು. ಇಷ್ಟು ಆಟಗಳು ಒಂದೇ ಕಡೆ ಸಿಗುವಾಗ ಎಲ್ಲವನ್ನೂ ಆಡಿಸುವ ಪೆಟ್ಟಿಗೆಯೇ ಬೇಕು ಅನಿಸುತ್ತದೆ.

ಎರಡನೆಯ ಕ್ಯಾಬಿನೆಟ್‌ಗೆ ಕೈಹಾಕಿದವರಲ್ಲಿ ಹಲವರು ಮೊದಲು ಮಾಡುವ ಕೆಲಸ ಗುಂಡಿಗಳನ್ನು ಅಳಿಸುವುದು. ಈ ಹವ್ಯಾಸದ ಅತ್ಯುತ್ತಮ ಕೆಲಸ ನಡೆಯುವುದೂ ಈ ಹಂತದಲ್ಲೇ.

ಪ್ಯಾಕ್‌ಮ್ಯಾನ್ ಆಟವನ್ನೇ ನೋಡಿ. 1980ರಲ್ಲಿ ನಾಮ್ಕೋ ಹೊರತಂದ ಈ ಆಟಕ್ಕೆ ಬೇಕಾದದ್ದು ಒಂದು ಜಾಯ್‌ಸ್ಟಿಕ್ ಮಾತ್ರ, ಅದೂ ನಾಲ್ಕೇ ದಿಕ್ಕಿನದು. ಪಳಗಿದ ಆಟಗಾರರು ತಿರುವು ಬರುವ ಒಂದು ಚೂರು ಮೊದಲೇ ಜಾಯ್‌ಸ್ಟಿಕ್ ತಳ್ಳಿ ಮೂಲೆಯನ್ನು ಓರೆಯಾಗಿ ದಾಟುತ್ತಾರೆ. ಬೆನ್ನಟ್ಟುವ ಭೂತಗಳಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಒಂದೊಂದು ಮೂಲೆಯಲ್ಲೂ ಅಂತರ ಸ್ವಲ್ಪ ಸ್ವಲ್ಪ ಹಿಗ್ಗುತ್ತದೆ. ಎಂಟು ದಿಕ್ಕಿನ ಜಾಯ್‌ಸ್ಟಿಕ್‌ನಲ್ಲಿ ಕೈ ತುಸು ಓರೆಯಾದರೂ ಎರಡು ಸ್ವಿಚ್‌ಗಳು ಒಟ್ಟಿಗೆ ಒತ್ತಿಕೊಳ್ಳುತ್ತವೆ, ತಿರುವು ತಪ್ಪುತ್ತದೆ, ಭೂತ ಮೈಮೇಲೆ ಬೀಳುತ್ತದೆ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಇದೆಲ್ಲ ತಲೆಕೆಳಗು. ಅಲ್ಲಿ ಓರೆ ದಿಕ್ಕುಗಳೇ ಜೀವಾಳ. ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ಕಾಲು ಸುತ್ತು ಹೊರಳಿಸಿ ಗುದ್ದಿನ ಗುಂಡಿ ಒತ್ತಿದರೆ ತಾನೇ ಹೋರಾಟಗಾರ ರ್ಯೂನ ಕೈಯಿಂದ ಬೆಂಕಿಯುಂಡೆ ಹೊರಡುವುದು? ಗುಂಡಿಗಳೂ ಒಬ್ಬೊಬ್ಬರಿಗೆ ಆರಾರು ಬೇಕು. ಕೆಲವು ಜಾಯ್‌ಸ್ಟಿಕ್‌ಗಳ ಅಡಿಯ ತಡೆಫಲಕವನ್ನು ಬದಲಿಸಿ ಎಂಟು ದಿಕ್ಕನ್ನು ನಾಲ್ಕಕ್ಕೆ ಇಳಿಸಬಹುದು, ನಿಜ. ಆದರೆ ಆಟ ಬದಲಾದಾಗಲೆಲ್ಲ ಹಲಗೆ ಎತ್ತಿ ಕೈ ತೂರಿಸಲು ಯಾರಿಗೂ ಮನಸ್ಸು ಬಾರದು.

ಪರದೆಯದೂ ಇದೇ ಕಥೆ. ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್, ಗ್ಯಾಲಗಾ ಎಲ್ಲವೂ ನಿಂತ ಪರದೆಯ ಆಟಗಳು. ಪ್ಯಾಕ್‌ಮ್ಯಾನ್ ಚಿತ್ರ 224 ಚುಕ್ಕಿ ಅಗಲ, 288 ಚುಕ್ಕಿ ಎತ್ತರ. ಇಂದಿನ 24 ಇಂಚಿನ ಅಗಲ ಮಾನಿಟರನ್ನು ಮಲಗಿಸಿಯೇ ಇಟ್ಟರೆ ಈ ಚಿತ್ರ ನಡುವಿನ ಹದಿನೈದು ಇಂಚಿಗೂ ಕಡಿಮೆ ಜಾಗಕ್ಕೆ ಕುಗ್ಗುತ್ತದೆ. ಎಡಬಲದಲ್ಲಿ ಕಪ್ಪು ಬಯಲು. ಅದೇ ಮಾನಿಟರನ್ನು ನಿಲ್ಲಿಸಿದರೆ ಚಿತ್ರದ ಕರ್ಣ ಹತ್ತಿರ ಹತ್ತಿರ 19.6 ಇಂಚು. ಮೂಲ ಯಂತ್ರದಲ್ಲಿದ್ದದ್ದು 19 ಇಂಚಿನ ಪರದೆ! ಹೊಸ ಖರ್ಚಿಲ್ಲದೆ, ಬರೀ ತಿರುಗಿಸಿದ್ದರಿಂದಲೇ ಹಳೆಯ ಗಾತ್ರ ಮರಳಿ ಬರುತ್ತದೆ. ಎರಡನೆಯ ಕ್ಯಾಬಿನೆಟ್‌ನಲ್ಲಿ ಮೆಚ್ಚಬೇಕಾದ ಜಾಣ್ಮೆ ಇಂಥದ್ದು.

ಮರದ ಕೆಲಸ ಅನುಭವ ಇದ್ದಷ್ಟೂ ಹಗುರವಾಗುತ್ತದೆ, ಅಕ್ಷರಶಃ. ಎಂಟಡಿ ನಾಲ್ಕಡಿಯ 18 ಮಿಲಿಮೀಟರ್ ಎಂಡಿಎಫ್ ಹಲಗೆ ಒಂದೇ ಸುಮಾರು 40 ಕಿಲೋ ತೂಗುತ್ತದೆ. ಅಂಥ ಎರಡು ಮೂರನ್ನು ನುಂಗಿದ ಪೆಟ್ಟಿಗೆಯನ್ನು ಮಹಡಿಗೆ ಹೊತ್ತವರು ಮುಂದಿನ ಸಲ ಪ್ಲೈವುಡ್ ಕೇಳುತ್ತಾರೆ, ಮೊದಲು ಬಾಗಿಲಿನ ಅಗಲ ಅಳೆಯುತ್ತಾರೆ. ಎಂಡಿಎಫ್ ನೀರು ಕುಡಿದರೆ ಊದಿಕೊಳ್ಳುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಅಂಚಿಗೆ ಟಿ-ಮೋಲ್ಡಿಂಗ್ ಎಂಬ ಪ್ಲಾಸ್ಟಿಕ್ ಪಟ್ಟಿ ಕೂರಿಸಲು ರೂಟರ್‌ನಿಂದ ಕೊರೆಯುವ ತೋಡು ಹಲಗೆಯ ನಟ್ಟನಡುವೆ ಬರಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಂಚು ಎದ್ದು ಕಾಣುತ್ತದೆ.

ಜಾನ್ ಸೇಂಟ್ ಕ್ಲೇರ್ 2004ರಲ್ಲಿ ಬರೆದ ‘ಪ್ರಾಜೆಕ್ಟ್ ಆರ್ಕೇಡ್’ ಪುಸ್ತಕ ಇಂಥ ಕೆಲಸವನ್ನು ಹೊಸಬರ ಕೈಗೆಟುಕುವಂತೆ ಮಾಡಿತು. 2018ರಿಂದ ಆರ್ಕೇಡ್1ಅಪ್ ಕಂಪನಿಯ ಮುಕ್ಕಾಲು ಗಾತ್ರದ ಸಿದ್ಧ ಯಂತ್ರಗಳೂ ಅಂಗಡಿಗೆ ಬಂದಿವೆ. ಹಾಗಿದ್ದೂ ಕೈಯಿಂದ ಕಟ್ಟುವುದಕ್ಕೆ ಅರ್ಥವಿದೆ: ಹಲಗೆಯ ಎತ್ತರ, ಓರೆ, ಜಾಯ್‌ಸ್ಟಿಕ್‌ನ ಬಿಗಿ ಎಲ್ಲವೂ ಆಡುವವರ ಮೈಗೆ ಹೊಂದುತ್ತವೆ. ಆ ಹೊಂದಿಕೆ ಕಂಡುಕೊಳ್ಳಲು ದುಬಾರಿ ಉಪಕರಣ ಬೇಡ. ರಟ್ಟಿನಲ್ಲಿ ಹಲಗೆಯ ಅಚ್ಚು ಕತ್ತರಿಸಿ, ಗುಂಡಿಗಳ ಜಾಗದಲ್ಲಿ ಬಾಟಲಿ ಮುಚ್ಚಳ ಅಂಟಿಸಿ, ಅರ್ಧ ಗಂಟೆ ನಿಂತು ಕೈಯಾಡಿಸಿದರೆ ಮಣಿಕಟ್ಟು ಎಲ್ಲಿ ನೋಯುತ್ತದೆಂದು ತಿಳಿದುಬಿಡುತ್ತದೆ.

ಕಡಿತವೂ ಅತಿಯಾಗಬಹುದು. ಮೂಲಕ್ಕೆ ನಿಷ್ಠರಾಗುವ ಹಟದಲ್ಲಿ ಕೆಲವರು ಒಂದೇ ಆಟದ ಪೆಟ್ಟಿಗೆ ಕಟ್ಟುತ್ತಾರೆ; ಮನೆಗೆ ಬಂದ ಮಕ್ಕಳು ಹತ್ತು ನಿಮಿಷಕ್ಕೇ ಅದರಿಂದ ದೂರ ಸರಿಯುತ್ತಾರೆ. ಒಂದು ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್, ಒಂದೆರಡು ಗುಂಡಿ, ನಿಂತ ಪರದೆ ಇಷ್ಟರಲ್ಲೇ 1980ರ ದಶಕದ ಮೊದಲ ವರ್ಷಗಳ ಹತ್ತಾರು ಆಟಗಳು ಚೊಕ್ಕವಾಗಿ ಕೂರುತ್ತವೆ. ಎರಡನೆಯ ಪೆಟ್ಟಿಗೆಗೆ ಸರಿಯಾದ ಹದ ಇದೇ.

ಎರಡನೆಯ ಸುತ್ತಿನಲ್ಲೂ ಸುಧಾರಿಸದ ಭಾಗವೆಂದರೆ ಬೆನ್ನು. ಮುಂಭಾಗಕ್ಕೆ ಮೂರು ಕೋಟು ಬಣ್ಣ ಹೊಡೆದವರೂ ಹಿಂದಿನ ಹಲಗೆಗೆ ಸ್ಕ್ರೂ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಒಳಗೆ ಎಲ್ಲ ಗುಂಡಿಗಳನ್ನೂ ಸುತ್ತಿ ಬರುವ ಗ್ರೌಂಡ್ ವೈರು ಒಂದೇ. ಅದು ನಡುವೆ ಒಂದು ಕಡೆ ಕಳಚಿದರೆ ಮುಂದಿನ ಗುಂಡಿಗಳೆಲ್ಲ ಒಟ್ಟಿಗೆ ಸತ್ತುಹೋಗುತ್ತವೆ. ಆಗ ಟಾರ್ಚ್ ಹಿಡಿದು ಹುಡುಕುವವರಿಗೆ ಬೇಕಾದದ್ದು ಕೀಲು ಹಾಕಿದ ಹಿಂಬಾಗಿಲು, ಮತ್ತು ಪ್ರತಿ ವೈರಿನ ತುದಿಯಲ್ಲಿ ಗುಂಡಿಯ ಹೆಸರು ಬರೆದ ಒಂದು ಚೀಟಿ.