ದೇವರಿಲ್ಲದ ತೇರು, ಆನೆಯ ಬೋರ್ಡು

ಟೋಕಿಯೋದ ಶಿಂಜುಕು ರೈಲ್ವೆ ನಿಲ್ದಾಣದ ಎದುರಿನ ಕಟ್ಟಡವೊಂದರ ನೆತ್ತಿಯ ಮೇಲೆ 2021ರ ಜುಲೈನಲ್ಲಿ ಆನೆಗಿಂತ ದೊಡ್ಡ ಬೆಕ್ಕೊಂದು ಬಂದು ಕೂತಿತು. ಮೈಮುರಿಯಿತು, ಕೆಳಗಿನವರನ್ನು ನೋಡಿ ಮಿಯಾಂವ್ ಅಂದಿತು. ಅದು ಎಲ್‌ಇಡಿ ಜಾಹೀರಾತು ಫಲಕ. ಅದರ ಹಿಂದಿನ ವರ್ಷ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಇಂಥದೇ ಫಲಕದೊಳಗೆ ಕಡಲಿನ ಅಲೆ ಬಂದು ಬಡಿದಿತ್ತು. 2023ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಗುಂಡನೆಯ ಕಟ್ಟಡವೊಂದರ ಹೊರಮೈಯನ್ನೇ ಪರದೆ ಮಾಡಿ, ಅದರ ಮೇಲೆ ಒಂಟಿ ಕಣ್ಣು ಮಿಟುಕಿಸಿದರು. ಟೀವಿಯಲ್ಲಿ ಜಾಹೀರಾತು ಬಂದರೆ ಚಾನಲ್ ಬದಲಿಸುವ ಜನವೇ ಈ ಜಾಹೀರಾತು ನೋಡಲು ಖರ್ಚು ಮಾಡಿಕೊಂಡು ದೂರದಿಂದ ಬರುತ್ತಾರೆ. ದೇವರಿಲ್ಲದ ತೇರು ಅನ್ನಿ.

ಹಾನುಬಾಳಿನ ಮಳೆಯಲ್ಲಿ ಕೂತವನಿಗೆ ಟೋಕಿಯೋದ ಬೆಕ್ಕಿನ ಉಸಾಬರಿ ಯಾಕೆ, ಅದೂ ದಲಿತ ವಿಮರ್ಶೆಯ ಸಂಚಿಕೆಯಲ್ಲಿ, ಅಂತ ಗೆಳೆಯರು ಕೇಳಬಹುದು. ಕಾರಣ ಆ ಬೆಕ್ಕಿನ ತಂತ್ರದಲ್ಲೇ ಇದೆ. ಮೂಲೆಯಲ್ಲಿ ಬಾಗಿದ ಫಲಕದ ಮೇಲೆ ಚಿತ್ರವನ್ನು ಬೇಕೆಂದೇ ಹಿಗ್ಗಿಸಿ, ಓರೆ ಮಾಡಿ ಮೂಡಿಸಿರುತ್ತಾರೆ. ಕೆಳಗಿನ ಬೀದಿಯಲ್ಲಿ ಗೊತ್ತುಮಾಡಿದ ಒಂದು ಜಾಗದಲ್ಲಿ ನಿಂತರೆ ಅದು ಮೈತುಂಬಿಕೊಂಡು ಹೊರಗೆ ಜಿಗಿದಂತೆ ಕಾಣುತ್ತದೆ. ಪಕ್ಕಕ್ಕೆ ಸರಿಯುತ್ತಾ ಹೋದಂತೆ ಬೆಕ್ಕು ಸೊಟ್ಟಗಾಗುತ್ತದೆ. ಇನ್ನೂ ಸರಿದರೆ ಬರೀ ಬಣ್ಣದ ಪಟ್ಟೆ. ನಮ್ಮ ಕಾವ್ಯಮೀಮಾಂಸೆಯ ಪಂಡಿತರು 'ಸಹೃದಯ' ಅಂತ ಕರೆದದ್ದೂ ಇಂಥ ಗೊತ್ತುಮಾಡಿದ ಜಾಗದಲ್ಲಿ ನಿಂತವನನ್ನೇ. ಆ ಜಾಗಕ್ಕೆ ಕೇರಿಯವರಿಗೆ ಪ್ರವೇಶವಿರಲಿಲ್ಲ. ಪಕ್ಕದಲ್ಲಿ ನಿಂತು 'ನನಗೆ ಸೊಟ್ಟಗೆ ಕಾಣ್ತದೆ' ಅಂದವನಿಗೆ ರಸಜ್ಞತೆ ಇಲ್ಲ ಅಂತ ತೀರ್ಪು ಕೊಟ್ಟರು. ಹಾಗಾಗಿ ಬೆಕ್ಕು ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕಿಂತ, ನಮ್ಮನ್ನು ಎಲ್ಲಿ ನಿಲ್ಲಿಸಿ ತೋರಿಸುತ್ತಿದ್ದಾರೆ ಅಂತ ಕೇಳುವುದು ನಮಗೆ ಮುಖ್ಯ.

ಹಾಗಂತ ಬೆಳಕಿನ ಬೀದಿಯನ್ನು ಪೂರಾ ತಳ್ಳಿಹಾಕಲು ನಾನು ತಯಾರಿಲ್ಲ. ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದರು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ. ಮುಟ್ಟಿದ್ದು ಒಂದು ಕೋಲು! ಈಗ ಮೈಸೂರು ದಸರೆಯ ದೀಪಾಲಂಕಾರ ನೋಡಿ. ಟೋಕಿಯೋದ ಫಲಕಕ್ಕೆ ನಮ್ಮ ನಾಡಿನಲ್ಲಿ ಹತ್ತಿರದ್ದು ಅದೇ. ದೀಪದಲ್ಲಿ ಮೂಡಿದ ಆಕೃತಿಗಳು ಬೀದಿಯಲ್ಲಿ ಬಣ್ಣ ಬದಲಿಸುತ್ತವೆ, ಅರಮನೆಯ ಸುಮಾರು 97 ಸಾವಿರ ಬಲ್ಬುಗಳು ಒಮ್ಮೆಗೇ ಹತ್ತಿಕೊಳ್ಳುತ್ತವೆ. ಅಲ್ಲಿ ಕತ್ತೆತ್ತಿ ನಿಂತ ಹುಡುಗಿಯನ್ನು ನೀನು ಯಾವ ಜನ ಅಂತ ಯಾರೂ ಕೇಳುವುದಿಲ್ಲ. ಯಾರ ಹೆಗಲು ಯಾರಿಗೆ ತಾಗಿತು ಅನ್ನೋದು ಲೆಕ್ಕಕ್ಕಿಲ್ಲ. ಇದನ್ನೆಲ್ಲ 'ಕೊಳ್ಳುಬಾಕತನ' ಅಂತ ಸಂಸ್ಕೃತಿ ಚಿಂತಕರು ಒಂದೇ ಮಾತಲ್ಲಿ ಮುಗಿಸುತ್ತಾರೆ. ಮುಗಿಸಲಿ. ತಲೆಮಾರುಗಳಿಂದ ತೇರಿನ ಹಗ್ಗ ಹಿಡಿದುಕೊಂಡು ಬಂದವರಿಗೆ ಆ ಮಾತು ಸಲೀಸು.

ಆದರೆ ನೋಡುವುದರಲ್ಲಿ ಸಿಕ್ಕ ಈ ಸಮಾನತೆ ಕಾಣಿಸಿಕೊಳ್ಳುವುದರಲ್ಲಿ ಸಿಕ್ಕಿಲ್ಲ. ಫಲಕದ ಮೇಲಿನ ಜಾಗ ಮಾರಾಟದ್ದು. 2020ರ ಆಗಸ್ಟ್ 5ರಂದು ಅಯೋಧ್ಯೆಯಲ್ಲಿ ಭೂಮಿಪೂಜೆ ನಡೆದಾಗ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ಫಲಕದಲ್ಲಿ ರಾಮ ಮತ್ತು ಮಂದಿರ ಬೆಳಗಿದವು. ಬಾಡಿಗೆ ಕಟ್ಟಿದವರ ದೇವರು. ಇಲ್ಲಿ ಕೇರಿಯವರು ಚಂದಾ ಎತ್ತಿ ಏಪ್ರಿಲ್ 14ಕ್ಕೆ ಕಟ್ಟಿದ ಬಾಬಾಸಾಹೇಬರ ಫ್ಲೆಕ್ಸು ಎಷ್ಟೋ ಊರುಗಳಲ್ಲಿ ಬೆಳಗಾಗುವುದರೊಳಗೆ ಹರಿದಿರುತ್ತದೆ.

ಇನ್ನು ಫಲಕದ ಬೆನ್ನಿಗೆ ಬನ್ನಿ. ಅಲ್ಲಿರುವುದು ಕಬ್ಬಿಣ, ವೈರು, ಮೇಲೆ ಹತ್ತಿದವನ ಜೀವ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಹುಡುಗರು ಕರೆಂಟು ಹೊಡೆದು ಸತ್ತರು. ಅದೇ ಮೇ 13ರಂದು ಮುಂಬಯಿಯ ಘಾಟ್‌ಕೋಪರ್‌ನಲ್ಲಿ 120 ಅಡಿ ಎತ್ತರ, ಅಷ್ಟೇ ಅಗಲದ ಹೋರ್ಡಿಂಗು ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಹೋದರು. ಕರೆಂಟಿನ ಚರಿತ್ರೆಯೂ ಇದಕ್ಕೆ ಹೊರತಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಗಣಿಯ ಆಳದ ಕತ್ತಲೆಯಲ್ಲಿ ದುಡಿದವರು ಹೆಚ್ಚಿನಂಶ ತಮಿಳು ಸೀಮೆಯಿಂದ ಬಂದ ಅಸ್ಪೃಶ್ಯರು. ನಾವು ಶಾಲೆಯಲ್ಲಿ ಓದಿದ್ದು ದಿವಾನರ ಹೆಸರು.

ಎಲ್‌ಇಡಿ ಬೋರ್ಡು ನಮ್ಮ ಸೀಮೆಗೂ ಬಂದಿದೆ. ಸಕಲೇಶಪುರ, ಆಲೂರು ಕಡೆ ಅರಣ್ಯ ಇಲಾಖೆ ನಿಲ್ಲಿಸಿದ ಬೋರ್ಡುಗಳಲ್ಲಿ ಯಾವ ಕಡೆ ಆನೆ ಅವೆ ಅಂತ ಅಕ್ಷರ ಮೂಡುತ್ತದೆ, ಕೆಲವು ಕಡೆ ಬರೀ ಕೆಂಪು ದೀಪ ಮಿನುಗುತ್ತದೆ. ಹೋಂಸ್ಟೇಗೆ ಬಂದವರು ಇದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕಿಲ್ಲ. ಇದು ಬೇಕಾಗಿರುವುದು ಬೆಳಗಿನ ಮಂಜಿನಲ್ಲಿ ಲೈನ್ ಮನೆಯಿಂದ ಕಾಫಿ ತೋಟಕ್ಕೆ ನಡೆದು ಹೋಗುವ ಆಳುಗಳಿಗೆ. ಅವರಲ್ಲಿ ನಮ್ಮವರು ಬಹಳ. ಸಾಹುಕಾರರು ಜೀಪಿನಲ್ಲಿ ಬರುತ್ತಾರೆ. ಆನೆಗೆ ಎದುರಾಗುವವರು ನಡೆಯುವವರು. ಈ ಬೋರ್ಡನ್ನು ಎಲ್ಲಿ ನಿಂತು ಓದಿದರೂ ಆನೆ ಆನೆಯೇ.

ಇದರ ಮುಂದೆಯೂ ನಮ್ಮ ಪ್ರಶ್ನೆಗಳಿವೆ. ಅಸ್ಸಾಮಿನಿಂದ ಬಂದು ಕಾಫಿ ಕುಯ್ಯುವ ಆಳಿಗೆ ಈ ಕನ್ನಡ ಓದಿ ಹೇಳುವವರು ಯಾರು? ಬೋರ್ಡು ರಸ್ತೆಯಲ್ಲಿದೆ, ಆಳು ತೋಟದೊಳಗಿನ ಕಾಲುದಾರಿಯಲ್ಲಿ ಹೋದರೆ? ಆನೆ ಅವೆ ಅಂತ ಬೋರ್ಡು ಹೇಳಿದ ದಿನ ಹೆದರಿ ಮನೆಯಲ್ಲೇ ಉಳಿದರೆ ಅವತ್ತಿನ ಕೂಲಿ ಏನಾಗುತ್ತದೆ? ಈ ಕೊನೆಯದನ್ನು ತೋಟದ ರೈಟರನ್ನು ಕೇಳಿ ನೋಡಿ, ನಗುತ್ತಾನೆ. ಸಂಘಟನೆಯ ಗೆಳೆಯರು ಮುಂದಿನ ಸಲ ಕೂಲಿಯ ಮಾತುಕತೆಗೆ ಕೂತಾಗ ಇದನ್ನು ಎತ್ತಬೇಕು; ಬೋರ್ಡು ಆನೆ ತೋರಿಸಿದ ದಿನದ ಕೂಲಿ ಹಿಡಿಯಬಾರದು ಅಂತ ಬರಹದಲ್ಲಿ ಕೇಳಬೇಕು.