ಅರಿಷಿಣದ ಲೆಕ್ಕ

ಈ ವಾರ ಹಿರೇಮದ್ದಿನ, ಅಂದರೆ ಅಶ್ವಗಂಧದ, ಗಿಡದ ಸರದಿ. ಬೂದಿ ಬಳಿದಂಥ ಎಲೆ, ತೆಳು ಹಾಳೆಯ ಚೀಲದೊಳಗೆ ಕೆಂಪು ಹಣ್ಣು, ಮುರಿದರೆ ಕುದುರೆ ಲಾಯದ ವಾಸನೆ ಹೊಡೆಯುವ ಬೇರು. ಇದರಲ್ಲಿರುವ ವಿದಾಫೆರಿನ್-ಎ ಎಂಬ ಅಂಶ ಹೊಸ ರಕ್ತನಾಳ ಚಿಗುರದಂತೆ ತಡೆಯುತ್ತದೆಂದು 2004ರಲ್ಲೇ ವರದಿಯಾಗಿದೆ. ರಕ್ತ ತರುವ ಹೊಸ ನಾಳ ಸಿಗದೆ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯದು ಎಂಬುದು ವೈದ್ಯವಿಜ್ಞಾನಿ ಫೋಕ್‌ಮನ್ ಸಿದ್ಧಾಂತ.

ಆದರೆ ವಾಟ್ಸ್ಆ್ಯಪ್ ವೈದ್ಯರು ಬಿಡಬೇಕಲ್ಲ! ಅರಿಷಿಣದ ಹಾಲು ಕುಡಿದರೆ ಕ್ಯಾನ್ಸರ್ ಗಡ್ಡೆ ಬಾಡುತ್ತದಂತೆ, ಮೈಸೂರಲ್ಲೇ ಸಾಬೀತಾಗಿದೆಯಂತೆ. ಈ ಪಂಗಡದ ಜೊತೆ ನನ್ನದು ಹಳೇ ಜಗಳ. ಹಿರೇಮದ್ದು ಕಾಯಲಿ.

ಮೈಸೂರು ವಿಶ್ವವಿದ್ಯಾಲಯದ ಭಾರತಿ ಸಾಲಿಮಠರ ತಂಡ 2002ರಲ್ಲಿ ಪ್ರಕಟಿಸಿದ ಕೆಲಸ ನಿಜಕ್ಕೂ ಸೊಗಸಾದದ್ದು. ಮರಿ ಕಟ್ಟಿದ ಕೋಳಿಮೊಟ್ಟೆಯ ಚಿಪ್ಪಿಗೆ ಕಿಂಡಿ ಕೊರೆದು, ಒಳಪೊರೆಯ ಮೇಲೆ ಮದ್ದು ಇಟ್ಟು, ನಾಳಗಳು ಕವಲೊಡೆಯುತ್ತವೋ ಇಲ್ಲವೋ ನೋಡುವ ಪರೀಕ್ಷೆ ಅದರಲ್ಲಿದೆ. ಅರಿಷಿಣದ ಕರ್ಕ್ಯುಮಿನ್ ಅಲ್ಲಿ ನಾಳಗಳನ್ನು ತಡೆಯಿತು. ಗಡ್ಡೆಯಿದ್ದ ಇಲಿಗಳ ಹೊಟ್ಟೆಯಲ್ಲಿ ತುಂಬುವ ನೀರು ಶೇ. 66 ಇಳಿಯಿತು. ಹೇಗೆ? ಹೊಟ್ಟೆಗೆ ಚುಚ್ಚಿದ ಸೂಜಿಯಿಂದ. ಹಾಲಿನ ಲೋಟದಿಂದಲ್ಲ.

ಲೋಟದ ಕಥೆ ಬೆಂಗಳೂರಿನದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಜನರಿಗೆ ಎರಡು ಗ್ರಾಂ ಕರ್ಕ್ಯುಮಿನ್ ತಿನ್ನಿಸಿ ರಕ್ತ ಪರೀಕ್ಷಿಸಿದರು. ಕಂಡದ್ದು ಇಲ್ಲವೆನ್ನುವಷ್ಟು. ಮೆಣಸಿನ ಪಿಪೆರಿನ್ 20 ಮಿಲಿಗ್ರಾಂ ಸೇರಿಸಿದಾಗ 20 ಪಟ್ಟು ಏರಿತು. ಮೆಣಸಿನ ಪಕ್ಷದವರು ಕುಣಿಯುವುದು ಇಲ್ಲೇ. ಇಲ್ಲವೆನ್ನುವಷ್ಟರ 20 ಪಟ್ಟು ಎಷ್ಟಾದೀತು ಸ್ವಾಮಿ? ಚಮಚೆ ತುಂಬ ಅರಿಷಿಣಪುಡಿ ಮೂರು ಗ್ರಾಂ ಎಂದಿಟ್ಟುಕೊಳ್ಳಿ; ಶೇ. 3ರ ಲೆಕ್ಕದಲ್ಲಿ ಕರ್ಕ್ಯುಮಿನ್ 90 ಮಿಲಿಗ್ರಾಂ. ಎರಡು ಗ್ರಾಂ ಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು ಚಮಚೆ ಮುಕ್ಕಬೇಕು.

ಮುಕ್ಕಿದಿರಿ, ಅಷ್ಟೂ ರಕ್ತಕ್ಕೆ ಸೇರಿತು ಎನ್ನಿ. ಗಡ್ಡೆಯ ನಾಳವನ್ನಷ್ಟೇ ಹುಡುಕಿ ತಡೆಯುವ ಜಾಣತನ ಅದಕ್ಕೆಲ್ಲಿದೆ? ಗಾಯ ಮಾಯಲೂ ಹೊಸ ನಾಳ ಬೇಕು, ಬಸಿರು ಬೆಳೆಯಲೂ ಬೇಕು. ಕೈಕಾಲು ಮೊಟಕಾದ ಕೂಸುಗಳಿಗೆ ಕಾರಣವಾದ ಥ್ಯಾಲಿಡೊಮೈಡ್ ಎಂಬ ಮದ್ದು ಗಿಡದ್ದಲ್ಲ, ಕಾರ್ಖಾನೆಯದು; ಅದೂ ನಾಳದ ಚಿಗುರು ತಡೆಯುತ್ತದೆಂದು 1994ರಲ್ಲಿ ಗೊತ್ತಾಯಿತು. ಬಸುರಿಯರು, ಈಚೆಗೆ ಆಪರೇಶನ್ ಆದವರು ಅರಿಷಿಣದ, ಹಿರೇಮದ್ದಿನ ಬೇರಿನ ಗಟ್ಟಿಸಾರದ ಮಾತ್ರೆ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿ. ಸಾರಿಗೆ ಹಾಕುವ ಚಿಟಿಕೆ ಅರಿಷಿಣಕ್ಕೆ ಯಾರ ಅಪ್ಪಣೆಯೂ ಬೇಡ.